ಏಳು ಹೆಸರಿನಷ್ಟು ಕರೆಂಟು

ನಾನು ಒಂದು ಆಲ್ಟರ್ನೇಟರ್. ಹೆಸರು ನಾಲಿಗೆಗೆ ತೊಡಕೆಂದು ನಮ್ಮ ಕಡೆಯ ಜನ ನನ್ನನ್ನು ಡೈನಮೋ ಅನ್ನುತ್ತಾರೆ. ಅದು ನನ್ನ ಅಜ್ಜನ ಹೆಸರು. ಇರಲಿ, ಕರೆದರೆ ಓಗೊಡುತ್ತೇನೆ. ಕಾರಿನ ಇಂಜಿನ್ನು ತಿರುಗುವಾಗ ಒಂದು ಬೆಲ್ಟು ನನ್ನನ್ನೂ ತಿರುಗಿಸುತ್ತದೆ. ನಾನು ತಿರುಗಿದರೆ ಕರೆಂಟು ಹುಟ್ಟುತ್ತದೆ. ಅದು ಬ್ಯಾಟರಿಗೆ ಹೋಗಿ ಕೂತು, ಅಲ್ಲಿಂದ ದೀಪಕ್ಕೆ, ಹಾರ್ನಿಗೆ, ಇಂಜಿನ್ನಿನೊಳಗಿನ ಕಿಡಿಗೆ ಹಂಚಿಹೋಗುತ್ತದೆ. ಬ್ಯಾಟರಿಯನ್ನು ಎಲ್ಲರೂ ಬಲ್ಲರು. ಅದಕ್ಕೆ ನೀರು ಹಾಕುತ್ತಾರೆ, ಒರೆಸುತ್ತಾರೆ, ಮಗುವಿನ ಹಾಗೆ ಎತ್ತಿಕೊಂಡು ಅಂಗಡಿಗೆ ಒಯ್ಯುತ್ತಾರೆ. ಅದರ ಹೊಟ್ಟೆ ತುಂಬಿಸುವವನು ನಾನು ಅನ್ನುವುದು ನಾನು ಕೆಡುವವರೆಗೆ ಯಾರಿಗೂ ನೆನಪಾಗುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಲೆ ಒಬ್ಬ ಮನುಷ್ಯನ ಸಾವಿನ ಆರೋಪವಿದೆ. ಬಾಯಿಮಾತಿನದಲ್ಲ, ಸರ್ಕಾರಿ ಕಾಗದದಲ್ಲಿ ಸಹಿ, ಮೊಹರು ಬಿದ್ದದ್ದು. ನಾನು ತಪ್ಪೇ ಮಾಡಿಲ್ಲ ಎಂದು ವಾದಿಸಲು ಹೊರಟಿಲ್ಲ. ಅವತ್ತು ನಾನು ಸೋತದ್ದು ನಿಜ. ಆದರೆ ಎಲ್ಲಿ ಸೋತೆ, ನಾನು ಸೋತ ಮೇಲೂ ಏನೇನು ಉಳಿದಿತ್ತು ಅನ್ನುವುದನ್ನು ಆ ಕಾಗದದಲ್ಲಿ ಯಾರೂ ಬರೆಯಲಿಲ್ಲ. ಅದಕ್ಕೇ ಈ ಕಥೆ.

ನಾನು ಹುಟ್ಟಿದ್ದು ದೊಡ್ಡ ತಗಡಿನ ಚಾವಣಿಯ ಒಂದು ಕಾರ್ಖಾನೆಯಲ್ಲಿ. ಹೆಣ್ಣುಮಕ್ಕಳು ಸಾಲಾಗಿ ಕೂತು ತಾಮ್ರದ ತಂತಿಯನ್ನು ಸುತ್ತುತ್ತಿದ್ದರು. ನನ್ನ ಹೊಟ್ಟೆಯ ತಂತಿ ಸುತ್ತಿದವಳು ಕೈ ಆಡಿಸುತ್ತಲೇ ಪಕ್ಕದವಳೊಂದಿಗೆ ಅತ್ತೆಯ ಚಾಡಿ ಹೇಳುತ್ತಿದ್ದಳು. ಕೈ ಮಾತ್ರ ಒಂದು ಸುತ್ತೂ ತಪ್ಪಲಿಲ್ಲ. ಆಮೇಲೆ ನನಗೆ ಅಲ್ಯೂಮಿನಿಯಮ್ಮಿನ ಅಂಗಿ ತೊಡಿಸಿ, ಒಂದು ಪೆಟ್ರೋಲ್ ಕಾರಿನ ಇಂಜಿನ್ನಿನ ಮಗ್ಗುಲಿಗೆ ಎರಡು ಬೋಲ್ಟು ಹಾಕಿ ಬಿಗಿದರು.

ಮೊದಲ ಯಜಮಾನರು ಜಿಲ್ಲಾ ಊರಿನ ಮಠಪತಿ ವಕೀಲರು. ಮನೆಯಿಂದ ಕೋರ್ಟಿಗೆ, ಕೋರ್ಟಿನಿಂದ ಮನೆಗೆ, ಅಷ್ಟೇ ಅವರ ಲೋಕ. ನನಗೆ ಮೈ ಬಿಸಿಯಾಗುವಷ್ಟು ಕೆಲಸವೂ ಇರಲಿಲ್ಲ. ಹನ್ನೊಂದು ವರ್ಷ ಹಾಗೆ ಸುಖವಾಗಿ ಕಳೆದೆ. ಅವರು ತೀರಿಕೊಂಡ ಮೇಲೆ ಕಾರನ್ನು ಒಬ್ಬ ಕಲ್ಯಾಣ ಮಂಟಪದವನು ಕೊಂಡ. ಅವನು ಮದುಮಗನ ಮೆರವಣಿಗೆಗೆ ಕಾರಿನ ತುಂಬ ಬಣ್ಣದ ಬಲ್ಬಿನ ಸರ ಸುತ್ತುತ್ತಿದ್ದ. ಕಾರು ಆಮೆಯ ನಡಿಗೆಯಲ್ಲಿ ಹೋಗಬೇಕು, ನಾನು ಊರೆಲ್ಲ ಬೆಳಗಬೇಕು. ನಿಧಾನವಾಗಿ ತಿರುಗುತ್ತ ಅಷ್ಟು ಕರೆಂಟು ಎಲ್ಲಿಂದ ತರಲಿ? ಮೂರನೇ ವರ್ಷ ನನ್ನ ತಂತಿ ಸುಟ್ಟಿತು. ಬಸ್ ಸ್ಟ್ಯಾಂಡಿನ ಹಿಂದಿನ ಆಟೋ ಎಲೆಕ್ಟ್ರಿಷಿಯನ್ ರಜಾಕ್ ನನ್ನನ್ನು ಬಿಚ್ಚಿ, ಹೊಸ ತಂತಿ ಸುತ್ತಿ, ಮತ್ತೆ ಜೀವ ತುಂಬಿದ. ಒಮ್ಮೆ ಸುಟ್ಟವನ ಮೈ ಮೊದಲಿನಂತಿರುವುದಿಲ್ಲ ಎಂದು ಅವನೇ ಹೇಳಿದ್ದ.

ಅಲ್ಲಿಂದ ನಾನು ಹುಸೇನಪ್ಪನ ಕೈಗೆ ಬಂದೆ. ಹೊಳೆ ದಂಡೆಯ ಗೌಡಗಟ್ಟಿ ಅವನ ಊರು. ಅವನ ಮನೆತನದವರು ತಲೆತಲಾಂತರದಿಂದ ಊರಿಗೆ ಡಂಗುರ ಸಾರುವವರು. ಅಜ್ಜ ಹಲಗೆ ಬಡಿದು ಸಾರಿದ, ಅಪ್ಪನೂ ಹಾಗೇ ಸಾರಿದ. ಹುಸೇನಪ್ಪ ಹಲಗೆಯನ್ನು ಗೋಡೆಗೆ ತೂಗುಹಾಕಿ, ಹಳೆಯ ಕಾರು ಕೊಂಡು, ಅದರ ನೆತ್ತಿಯ ಮೇಲೆ ಲೌಡ್‌ಸ್ಪೀಕರಿನ ಎರಡು ಭೋಂಗಾ ಕಟ್ಟಿ, ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರ್ ಇಟ್ಟ. ಜನ ಅವನನ್ನು ಮೈಕ್ ಹುಸೇನಪ್ಪ ಅಂದರು. ಪೋಲಿಯೋ ಹನಿ, ಕಳೆದುಹೋದ ಎಮ್ಮೆ, ನಾಟಕ, ಗ್ರಾಮಸಭೆ, ಯಾರದೋ ಸಾವು, ಎಲ್ಲವೂ ಅವನ ಗಂಟಲಿನಿಂದ ನನ್ನ ಕರೆಂಟಿನ ಮೇಲೇರಿ ಮೂರು ಹಳ್ಳಿಗೆ ಹೋಗುತ್ತಿತ್ತು. ಅವನ ಧ್ವನಿ ಚೆನ್ನಾಗಿತ್ತು. ಸಾವಿನ ಸುದ್ದಿಯನ್ನು ಅವನು ಸಾರಿದರೆ ಸತ್ತವರ ಶತ್ರುವೂ ಕೈಯಲ್ಲಿನ ಕೆಲಸ ನಿಲ್ಲಿಸುತ್ತಿದ್ದ. ನನಗೆ ಹೆಮ್ಮೆಯಾಗುತ್ತಿತ್ತು. ವಕೀಲರ ಸುಖಕ್ಕಿಂತ ಈ ದಣಿವು ಮೇಲು ಅನಿಸುತ್ತಿತ್ತು.

ಆದರೆ ಒಂದು ವಿಷಯ ಮೊದಲಿನಿಂದಲೂ ನನ್ನ ಹೊಟ್ಟೆ ಉರಿಸುತ್ತಿತ್ತು. ಹುಸೇನಪ್ಪನ ಅಜ್ಜನ ಕಾಲದಲ್ಲಿ ಮೊದಲು ಸುದ್ದಿ ಹೇಳಿ, ಕೊನೆಯಲ್ಲಿ ಇದು ಗೌಡರ ಅಪ್ಪಣೆ ಅನ್ನುತ್ತಿದ್ದರಂತೆ. ಈಗ ಎಲ್ಲ ತಲೆಕೆಳಗು. ಪಂಚಾಯಿತಿಯಿಂದ ಟೈಪು ಮಾಡಿದ ಕಾಗದ ಬರುತ್ತದೆ. ಅದರಲ್ಲಿ ಮೊದಲು ಮಾನ್ಯರ ಹೆಸರುಗಳು, ಅವರ ಹುದ್ದೆ, ಕೆಲವರಿಗೆ ಬಿರುದು, ಅವರ ಮಾರ್ಗದರ್ಶನ, ಇವರ ಆದೇಶ, ಮತ್ತೊಬ್ಬರ ಸಹಕಾರ. ಮೇಲಿನ ದೊಡ್ಡ ಸಾಹೇಬರಿಂದ ಹಿಡಿದು ಊರಿನ ಅಧ್ಯಕ್ಷರು, ಉಪಾಧ್ಯಕ್ಷರವರೆಗೆ ಏಳು ಹೆಸರು. ಇವೆಲ್ಲ ಮುಗಿದ ಮೇಲೆ ನಲ್ಲಿ ನೀರು ನಾಳೆ ಬರುವುದಿಲ್ಲ ಅನ್ನುವ ಒಂದು ಸಾಲು. ನಾನು ಬೆವರು ಸುರಿಸಿ ಹುಟ್ಟಿಸಿದ ಕರೆಂಟಿನಲ್ಲಿ ಮುಕ್ಕಾಲು ಪಾಲು ಈ ಮಾನ್ಯರೇ ಉಂಡುಹೋಗುತ್ತಿದ್ದರು.

ಒಮ್ಮೆ ಹುಸೇನಪ್ಪ ಉಪಾಧ್ಯಕ್ಷರ ಹೆಸರನ್ನು ಬಿಟ್ಟು ಓದಿದ. ಬೇಕೆಂದು ಬಿಟ್ಟದ್ದಲ್ಲ, ಆ ಸಾಲಿನ ಮೇಲೆ ಚಹಾ ಚೆಲ್ಲಿತ್ತು. ಅವರ ಮನೆಯವರು ಬೀದಿಗೆ ಬಂದು ರಂಪ ಮಾಡಿದರು. ಜಾತಿ ನೋಡಿ ಬಿಟ್ಟೆ ಅನ್ನುವವರೆಗೂ ಮಾತು ಹೋಯಿತು. ಮೂರು ತಿಂಗಳು ಅವನಿಗೆ ಪಂಚಾಯಿತಿ ಕೆಲಸ ಸಿಗಲಿಲ್ಲ. ಆಮೇಲಿನಿಂದ ಒಂದು ಹೊಸ ಪದ್ಧತಿ ಬಂತು. ಪಂಚಾಯಿತಿಯ ಜವಾನ, ವಾಲೀಕಾರ ಸಾಯಬಣ್ಣ ಕಾರಿನಲ್ಲಿ ಜೊತೆಗೆ ಕೂತು, ಹುಸೇನಪ್ಪ ಓದುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಮೇಲಿನವರಿಗೆ ಕಳಿಸಬೇಕು. ವಿಡಿಯೋದಲ್ಲಿ ಏಳೂ ಹೆಸರು ಇರಬೇಕು. ಸುದ್ದಿ ಇದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ.

ಗೌಡಗಟ್ಟಿಯಿಂದ ಹೊಳೆಯ ಕೆಳಗೆ ಹೋದರೆ ಅರಳಿಹಾಳ, ಆಮೇಲೆ ತೋರಣದೊಡ್ಡಿ, ಅಲ್ಲಿಂದ ಮೂರು ಕಿಲೋಮೀಟರ್ ಮುಂದೆ ಹೊಳೆಯ ನಡುವೆ ಒಂದು ಗಡ್ಡಿ. ನಡುಗಡ್ಡೆಗೆ ಅಲ್ಲಿ ಗಡ್ಡಿ ಅನ್ನುತ್ತಾರೆ. ಹುಲ್ಲು ಚೆನ್ನಾಗಿ ಬೆಳೆಯುವ ಜಾಗ. ಕುರುಬರ ಮಾಳಪ್ಪ, ಅವನ ಹೆಂಡತಿ ಬೀರವ್ವ ಪ್ರತಿ ವರ್ಷ ನೀರಿಳಿದ ಮೇಲೆ ಕುರಿ ಹೊಡೆದುಕೊಂಡು ಅಲ್ಲಿಗೆ ದಾಟಿ, ಎರಡು ತಿಂಗಳು ತಟ್ಟಿಯ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಗಡ್ಡಿಯಲ್ಲಿ ಕರೆಂಟಿಲ್ಲ. ಬೀರವ್ವ ನಾಲ್ಕೈದು ದಿನಕ್ಕೊಮ್ಮೆ ನೀರು ಹಾಯ್ದು ಬಂದು ತಮ್ಮ ಒಂದೇ ಮೊಬೈಲನ್ನು ಹುಸೇನಪ್ಪನ ಮನೆಯಲ್ಲಿ ಚಾರ್ಜಿಗೆ ಹಾಕಿ, ಒಂದು ಗಡಿಗೆ ಕುರಿಹಾಲು ಇಟ್ಟು, ಒಂದೆರಡು ದಿನ ಬಿಟ್ಟು ಬಂದು ಫೋನು ಒಯ್ಯುತ್ತಿದ್ದಳು. ಹುಸೇನಪ್ಪನನ್ನು ಅಣ್ಣ ಅನ್ನುತ್ತಿದ್ದಳು. ಅವನಿಗೂ ಸ್ವಂತ ತಂಗಿಯರಿರಲಿಲ್ಲ.

ಆ ವರ್ಷ ದಸರೆಗೆ ಮುಂಚೆಯೇ ನನ್ನ ಮೈ ಸರಿಯಿರಲಿಲ್ಲ. ನನ್ನೊಳಗೆ ಡಯೋಡ್ ಪ್ಲೇಟು ಎಂಬ ಒಂದು ಬಿಲ್ಲೆಯಿದೆ. ನಾನು ಹುಟ್ಟಿಸಿದ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ತಿದ್ದುವುದು ಅದು. ಕಾರಿನ ದೀಪ ಮಿಣುಕುವುದನ್ನು ನೋಡಿದ ರಜಾಕ್, ಪ್ಲೇಟು ಹೋಗುವ ಹಾಗಿದೆ, ಬಿಟ್ಟು ಹೋಗು, ಬದಲಿಸುತ್ತೇನೆ ಅಂದ. ಹುಸೇನಪ್ಪ ಹಬ್ಬ ಮುಗಿಯಲಿ ಅಂದ. ರಜಾಕನೂ ಹೂಂ ಅಂದ. ಆಯುಧ ಪೂಜೆಯ ವಾರದಲ್ಲಿ ಯಾವ ಗ್ಯಾರೇಜಿನವನಿಗೂ ಪುರುಸೊತ್ತಿರುವುದಿಲ್ಲ.

ಆಯುಧ ಪೂಜೆಯ ದಿನ ಹುಸೇನಪ್ಪ ಕಾರಿನ ಬಾನೆಟ್ಟು ಎತ್ತಿ ಪೈಪಿನಿಂದ ನೀರು ಬಿಟ್ಟು ನಮ್ಮನ್ನೆಲ್ಲ ಮೀಯಿಸಿದ. ಭಕ್ತಿಯಿಂದಲೇ ಮೀಯಿಸಿದ, ಸುಳ್ಳು ಹೇಳಬಾರದು. ಆ ನೀರು ನನ್ನ ಒಳಗೆ ಇಳಿಯಿತು. ಆಮೇಲೆ ಅವನ ಹೆಂಡತಿ ದ್ಯಾವಮ್ಮ ಆರತಿ ತಟ್ಟೆ ಹಿಡಿದು ಬಂದಳು. ಸ್ಟೇರಿಂಗಿಗೆ ವಿಭೂತಿ, ಭೋಂಗಾಗಳಿಗೆ ಚೆಂಡುಹೂವು, ಮೀಟರಿನ ಗಾಜಿಗೆ ಅರಿಶಿನ ಮೆತ್ತಿ ಅದರ ಮೇಲೆ ದೊಡ್ಡದೊಂದು ಕುಂಕುಮ. ಆ ಕುಂಕುಮ ಬಿದ್ದದ್ದು ಸರಿಯಾಗಿ ಒಂದು ಪುಟ್ಟ ಕೆಂಪು ದೀಪದ ಮೇಲೆ. ನಾನು ಕರೆಂಟು ಕೊಡದೆ ಹೋದರೆ ಹೊತ್ತಿಕೊಂಡು ಡ್ರೈವರನಿಗೆ ಹೇಳುವ ದೀಪ ಅದು. ಪೂಜೆಯ ಕುಂಕುಮವನ್ನು ಯಾರೂ ಕೈಯಾರೆ ಒರೆಸುವುದಿಲ್ಲ, ತಾನಾಗಿ ಉದುರಬೇಕು. ನಾನು ಬಾಯಿಬಿಟ್ಟು ಹೇಳಬಹುದಾಗಿದ್ದ ಒಂದೇ ಮಾತಿಗೂ ಬೊಟ್ಟಿಟ್ಟು ಕೂರಿಸಿದರು.

ಹಬ್ಬ ಮುಗಿದ ಮೂರನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಂಚಾಯಿತಿಯಿಂದ ಕರೆ ಬಂತು. ಮೇಲೆ ಎಲ್ಲೋ ಹಿಂಗಾರು ಮಳೆ ಹುಚ್ಚೆದ್ದು ಸುರಿದು ಅಣೆಕಟ್ಟು ತುಂಬಿತ್ತು. ಗೇಟು ಎತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ನೀರು ಇಲ್ಲಿಗೆ ಬರುತ್ತದೆ. ಮೂರು ಹಳ್ಳಿಯ ದಂಡೆಯ ಮನೆಗಳು ಖಾಲಿಯಾಗಬೇಕು, ಗಡ್ಡಿಯಲ್ಲಿರುವವರು ಈಚೆ ಬರಬೇಕು. ಮಾಳಪ್ಪನ ಫೋನಿಗೆ ಕರೆ ಮಾಡಿ ನೋಡಿದರು. ಅದು ಹುಸೇನಪ್ಪನ ಮನೆಯ ಗೂಡಿನಲ್ಲೇ ರಿಂಗಾಯಿತು. ಹಿಂದಿನ ದಿನವಷ್ಟೇ ಬೀರವ್ವ ಚಾರ್ಜಿಗೆ ಇಟ್ಟುಹೋಗಿದ್ದಳು. ಇನ್ನು ಅವರಿಬ್ಬರಿಗೆ ಸುದ್ದಿ ಮುಟ್ಟಿಸಲು ನಮ್ಮ ಭೋಂಗಾ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಹುಸೇನಪ್ಪ ಕಾರು ತೆಗೆದ. ಸಾಯಬಣ್ಣ ಕಾಗದ ಹಿಡಿದು ಪಕ್ಕದಲ್ಲಿ ಕೂತ. ಹೊರಟು ಹತ್ತು ನಿಮಿಷವಾಗಿರಲಿಲ್ಲ, ನನ್ನ ಪ್ಲೇಟು ಸುಟ್ಟಿತು. ಒಂದು ಸಣ್ಣ ಕಮಟು ವಾಸನೆ, ಅಷ್ಟೇ. ನಾನು ತಿರುಗುತ್ತಲೇ ಇದ್ದೆ, ನನ್ನಿಂದ ಏನೂ ಹೊರಡುತ್ತಿರಲಿಲ್ಲ. ಮೀಟರಿನಲ್ಲಿ ಕೆಂಪು ದೀಪ ಹೊತ್ತಿತು. ಹುಸೇನಪ್ಪನಿಗೆ ಕಂಡದ್ದು ದ್ಯಾವಮ್ಮನ ಕುಂಕುಮ.

ಗೌಡಗಟ್ಟಿಯ ಓಣಿಗಳಲ್ಲಿ ಸಾರಿದ. ಅರಳಿಹಾಳದಲ್ಲಿ ನಾಲ್ಕು ಕಡೆ ನಿಲ್ಲಿಸಿ ಸಾರಿದ. ಪ್ರತಿ ಸಲ ಏಳು ಹೆಸರು, ಆಮೇಲೆ ಹೊಳೆ. ಬ್ಯಾಟರಿ ಕೂಡಿಟ್ಟದ್ದನ್ನು ಕರಗಿಸುತ್ತ ಹೋಯಿತು. ಪೆಟ್ರೋಲ್ ಇಂಜಿನ್ನಿಗೂ ಅದರಿಂದಲೇ ಕಿಡಿ ಬೇಕು, ಭೋಂಗಾಕ್ಕೂ ಅದೇ ಬೇಕು. ದುಡಿಯುವವನು ಬಿದ್ದ ಮೇಲೆ ಮನೆಯಲ್ಲಿದ್ದ ಕಾಳು ಎಷ್ಟು ದಿನ ಬಂದೀತು? ಜನ ಗಂಟುಮೂಟೆ ಕಟ್ಟತೊಡಗಿದರು, ದನ ಬಿಚ್ಚಿದರು, ಮುದುಕರನ್ನು ಟ್ರ್ಯಾಕ್ಟರಿಗೆ ಹತ್ತಿಸಿದರು. ಅಲ್ಲಿಯವರೆಗಿನ ಕೆಲಸ ಚೆನ್ನಾಗಿಯೇ ಆಯಿತು.

ತೋರಣದೊಡ್ಡಿಯಲ್ಲಿ ಸಾರುವಾಗ ಭೋಂಗಾದ ಧ್ವನಿ ಕೆಳಗಿಳಿಯಿತು. ಹಾರ್ನು ಒತ್ತಿದರೆ ಕಾಯಿಲೆಯ ಆಡಿನ ಹಾಗೆ ಕೆಮ್ಮಿತು. ಹುಸೇನಪ್ಪನ ಮುಖ ಕಪ್ಪಾಯಿತು. ಅವನು ಹೆಬ್ಬೆರಳಿನಿಂದ ಮೀಟರಿನ ಗಾಜಿನ ಕುಂಕುಮ ಒರೆಸಿದ. ಒಳಗೆ ಕೆಂಪು ದೀಪ ಉರಿಯುತ್ತಿತ್ತು. ಆ ಬೆರಳನ್ನು ಅಂಗಿಗೆ ಒರೆಸಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

ಇಂಜಿನ್ ಆಫ್ ಮಾಡಿದರೆ ಮತ್ತೆ ಎಬ್ಬಿಸಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದನ್ನು ಚಾಲೂ ಇಟ್ಟುಕೊಂಡೇ ಇಳಿದು, ಒಬ್ಬಿಬ್ಬರನ್ನು ಟ್ರ್ಯಾಕ್ಟರಿನ ಬ್ಯಾಟರಿ ಕೇಳಿದ. ಆ ಹೊತ್ತಿನಲ್ಲಿ ಯಾರು ಕೊಟ್ಟಾರು? ಟ್ರ್ಯಾಕ್ಟರುಗಳೆಲ್ಲ ಮಕ್ಕಳುಮರಿ, ಜೋಳದ ಚೀಲ ಹೊತ್ತು ಗುಡ್ಡದ ಕಡೆ ಹೊರಟಿದ್ದವು. ಅವರದ್ದು ತಪ್ಪಲ್ಲ. ಹುಸೇನಪ್ಪ ಭೋಂಗಾ ಬಂದ್ ಮಾಡಿ, ಹಾರ್ನು ಕೂಡ ಒತ್ತದೆ, ಉಳಿದ ಕರೆಂಟನ್ನು ಮುಷ್ಟಿಯಲ್ಲಿ ಹಿಡಿದವನ ಹಾಗೆ ಮೂರು ಕಿಲೋಮೀಟರ್ ಓಡಿಸಿದ. ದಾರಿಯುದ್ದಕ್ಕೂ ಬೀರಪ್ಪ ದೇವರನ್ನೂ ದರ್ಗಾದ ಪೀರನನ್ನೂ ಒಟ್ಟಿಗೇ ನೆನೆದ. ಇಂಜಿನ್ನು ಎರಡು ಸಲ ಮುಗ್ಗರಿಸಿತು, ನಿಲ್ಲಲಿಲ್ಲ. ಎರಡೂವರೆಗೆ ಗಡ್ಡಿಯ ಎದುರಿನ ದಂಡೆ ತಲುಪಿದೆವು.

ನಾನು ಇಷ್ಟು ವರ್ಷ ಬಾನೆಟ್ಟಿನ ಕೆಳಗಿನ ಕತ್ತಲಲ್ಲೇ ಬದುಕಿದವನು. ಅವತ್ತು ಮಾತ್ರ ಮುಂದಿನ ಜಾಲರಿಯ ಸಂದಿನಿಂದ ಹೊಳೆ ಕಂಡಿತು. ಗಡ್ಡಿ ಕೂಗಳತೆಗಿಂತ ದೂರ. ನಡುವಿನ ನೀರು ಆಗಲೇ ಕೆಂಪಗಾಗಿ, ಎದೆಮಟ್ಟಕ್ಕೆ ಏರಿತ್ತು. ಇನ್ನೊಂದು ಗಂಟೆಯವರೆಗೆ ಹಗ್ಗ ಹಿಡಿದು ದಾಟಬಹುದಾದ ನೀರು. ಕಾರಿನ ಸದ್ದಿಗೆ ಗಡ್ಡಿಯ ಅಂಚಿಗೆ ಇಬ್ಬರು ಬಂದು ನಿಂತರು. ಒಬ್ಬನ ತಲೆಯಲ್ಲಿ ಕೆಂಪು ರುಮಾಲು, ಇನ್ನೊಬ್ಬಳ ಕಂಕುಳಲ್ಲಿ ಒಂದು ಮರಿ.

ಹುಸೇನಪ್ಪ ಮೈಕು ಕೈಗೆ ತೆಗೆದುಕೊಂಡ. ಸಾಯಬಣ್ಣ ಮೊಬೈಲು ಎತ್ತಿ ಹಿಡಿದ.

"ಸಾಯಬಣ್ಣಾ, ಬ್ಯಾಟ್ರಿ ಸಾಯಾಕತ್ತೈತಿ" ಅಂದ ಹುಸೇನಪ್ಪ. "ಹೆಸರು ಬಿಟ್ಟು ನೇರ ಹೊಳಿ ಸುದ್ದಿ ಹೇಳಿಬಿಡ್ತೀನಿ."

"ಹೆಸರಿಲ್ಲದ ವಿಡಿಯೋ ನಡಿಯೂದಿಲ್ಲಪ. ಹೋದ ಸಲ ಮೂರು ತಿಂಗಳು ಮನ್ಯಾಗ ಕುಂತಿದ್ದು ಮರ್ತಿಯೇನು? ನಂದೂ ನೌಕರಿ ಹೋಕ್ಕೈತಿ. ಲಗೂನ ಓದು, ಎಷ್ಟೊತ್ತಿನ ಮಾತು."

ಸಾಯಬಣ್ಣ ಕೆಟ್ಟವನಲ್ಲ. ಅವನಿಗೂ ಮೇಲಿನವರ ಹೆದರಿಕೆ. ಹುಸೇನಪ್ಪ ಕಾಗದವನ್ನು ನೋಡಿದ, ಗಡ್ಡಿಯನ್ನು ನೋಡಿದ. ನಾನು ಅವನ ಕಾಲಿನಿಂದ ಎರಡು ಮಾರು ದೂರದಲ್ಲಿ ಬರಿದೆ ತಿರುಗುತ್ತಿದ್ದೆ. ಬಿಡು, ಹೆಸರು ಬಿಡು ಎಂದು ಹೇಳಬೇಕೆನಿಸಿತು. ಕರೆಂಟನ್ನೇ ಹುಟ್ಟಿಸಲಾಗದ ನಾನು ಮಾತೆಲ್ಲಿ ಹುಟ್ಟಿಸಲಿ?

ಅವನು ಓದತೊಡಗಿದ. ಉಸಿರು ಬಿಡದೆ ಓದಿದ. ಮಾನ್ಯ ಇಂಥವರ ಆದೇಶದ ಮೇರೆಗೆ, ಮಾನ್ಯ ಇಂಥವರ ಮಾರ್ಗದರ್ಶನದಲ್ಲಿ. ಒಂದು, ಎರಡು, ಮೂರು. ಭೋಂಗಾ ಚೆನ್ನಾಗಿಯೇ ಕೂಗಿತು, ನೀರಿನ ಮೇಲೆ ಹೆಸರುಗಳು ಸ್ಪಷ್ಟವಾಗಿ ಹೋದವು. ನಾಲ್ಕು, ಐದು. ಮಾಳಪ್ಪ ಕೈಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಆರು. ಧ್ವನಿ ಕುಗ್ಗಿತು. ಏಳನೆಯದು ಉಪಾಧ್ಯಕ್ಷರ ಹೆಸರು, ಅದೂ ದಾಟಿತು. "ಇವರ ಸಹಕಾರದೊಂದಿಗೆ ಈ ಮೂಲಕ ಸಮಸ್ತ ಸಾರ್ವಜನಿಕರಿಗೆ" ಅನ್ನುವಾಗ ಭೋಂಗಾ ಗೊರಗೊರ ಅಂದು ನಿಂತಿತು. ಅದರ ಹಿಂದೆಯೇ ಇಂಜಿನ್ನೂ ನಿಂತಿತು. ನನ್ನ ಕೊರಳಿನ ಬೆಲ್ಟು ನಿಂತಿತು.

ಹುಸೇನಪ್ಪ ಬರಿಯ ಗಂಟಲಿನಿಂದ ಕೂಗಿದ. ಸಾಯಬಣ್ಣನೂ ಕೂಗಿದ. ಇಬ್ಬರೂ ಹೆಗಲ ಮೇಲಿನ ವಲ್ಲಿ ತೆಗೆದು ಬೀಸಿದರು. ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತಿತ್ತು, ನೀರಿನ ಸದ್ದು ಬೇರೆ. ಮಾಳಪ್ಪ ದೂರದಿಂದಲೇ ಕೈಯೆತ್ತಿ ಒಂದು ನಮಸ್ಕಾರ ಮಾಡಿದ. ಆಮೇಲೆ ತಿರುಗಿ ಕುರಿಗಳ ಕಡೆ ಹೋದ. ಬೀರವ್ವ ಇನ್ನೊಂದಿಷ್ಟು ಹೊತ್ತು ನಿಂತಿದ್ದು, ಅವಳೂ ಹೋದಳು.

ಹುಸೇನಪ್ಪ ಬಟ್ಟೆಯಲ್ಲೇ ನೀರಿಗಿಳಿದ. ಹಗ್ಗವೂ ಇಲ್ಲ, ಈಜೂ ಅಷ್ಟಕ್ಕಷ್ಟೆ. ಕುತ್ತಿಗೆಯವರೆಗೆ ಹೋದವನನ್ನು ನೀರು ಮಗುಚಿ ಹಾಕಿತು. ಸಾಯಬಣ್ಣ ಎಳೆದು ತಂದ. ಆಮೇಲೆ ಸಾಯಬಣ್ಣ ಆ ವಯಸ್ಸಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ತೋರಣದೊಡ್ಡಿಗೆ ಓಡಿದ. ಅಲ್ಲಿಯ ಅಂಬಿಗರು ಹರಗೋಲನ್ನು ಆಗಲೇ ಮೇಲೆ ಎತ್ತಿಟ್ಟಿದ್ದರು, ನಮ್ಮದೇ ಮೈಕು ಹೇಳಿದ ಮಾತು ಕೇಳಿ. ಇಬ್ಬರು ಅದನ್ನು ಹೊತ್ತು ತಂದು ನೀರಿಗೆ ಇಳಿಸುವಾಗ ನಾಲ್ಕು ಗಂಟೆಗೆ ಇನ್ನೂ ಸ್ವಲ್ಪವಿತ್ತು. ಹೊಳೆ ಗಡಿಯಾರ ನೋಡುವುದಿಲ್ಲ. ಆಗಲೇ ಬಂದುಬಿಟ್ಟಿತ್ತು.

ಅದನ್ನು ಹೆಚ್ಚು ವರ್ಣಿಸಲು ನನ್ನಿಂದ ಆಗದು. ಹರಗೋಲನ್ನು ನೀರು ಎರಡು ಸಲ ದಂಡೆಗೆ ಎಸೆಯಿತು. ಗಡ್ಡಿ ಸಣ್ಣದಾಗುತ್ತ ಹೋಯಿತು. ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತು ಒದರುತ್ತಿದ್ದವು. ಆಮೇಲೆ ಆ ಸದ್ದೂ ಇರಲಿಲ್ಲ. ಹುಸೇನಪ್ಪ ಕೆಸರಿನಲ್ಲಿ ಕೂತು ನೋಡುತ್ತಲೇ ಇದ್ದ. ನಾನೂ ನೋಡಿದೆ. ಕಣ್ಣು ಮುಚ್ಚಲು ನನಗೆ ರೆಪ್ಪೆಯಿಲ್ಲ.

ಮರುದಿನ ಬೆಳಿಗ್ಗೆ ದೋಣಿಯವರು ಒಂದು ಜಾಲಿಮರದ ಮೇಲಿನಿಂದ ಬೀರವ್ವನನ್ನು ಇಳಿಸಿ ತಂದರು. ಮಾಳಪ್ಪ ತನ್ನ ಕೆಂಪು ರುಮಾಲಿನಿಂದ ಅವಳನ್ನು ಕೊಂಬೆಗೆ ಕಟ್ಟಿ, ಕುರಿಗಳ ಕಣ್ಣಿ ಬಿಚ್ಚಿ ಬರುತ್ತೇನೆಂದು ಕೆಳಗಿಳಿದಿದ್ದ. ಅವನು ಸಿಗಲಿಲ್ಲ. ಐದು ದಿನ ಹುಡುಕಿದರು. ಕುರಿಗಳು ಮಾತ್ರ ಕೆಳಗಿನ ಸೇತುವೆಯ ಕಂಬಗಳಿಗೆ ಸಿಕ್ಕಿಬಿದ್ದಿದ್ದವು.

ಆಮೇಲೆ ವಿಚಾರಣೆ. ಸಾಹೇಬರು ಜೀಪಿನಲ್ಲಿ ಬಂದರು. ಸಾಯಬಣ್ಣನ ವಿಡಿಯೋ ನೋಡಿದರು. ಅದರಲ್ಲಿ ಹೊಳೆ ಇತ್ತು, ಕಾರಿತ್ತು, ಏಳು ಹೆಸರೂ ಸ್ಪಷ್ಟವಾಗಿದ್ದವು. ಹಾಗಾಗಿ ಪ್ರಚಾರ ಮಾಡಲಾಗಿದೆ ಎಂದು ಬರೆದುಕೊಂಡರು. ಮಾತು ಮುಂದುವರಿಯದೆ ಇದ್ದುದಕ್ಕೆ ಕಾರಣ ಬೇಕಲ್ಲ, ರಜಾಕನನ್ನು ಕರೆಸಿ ನನ್ನನ್ನು ಬಿಚ್ಚಿಸಿದರು. ಅವನು ಸುಟ್ಟ ಪ್ಲೇಟು ತೋರಿಸಿದ. ಮಾಳಪ್ಪ ನೀರುಪಾಲಾಗಲು ಪ್ರಚಾರ ವಾಹನದ ಆಲ್ಟರ್ನೇಟರ್ ವೈಫಲ್ಯವೇ ಕಾರಣವಾಗಿದ್ದು, ಇದರಲ್ಲಿ ಯಾರ ಲೋಪವೂ ಕಂಡುಬಂದಿಲ್ಲ ಎಂದು ಕಾಗದ ತಯಾರಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನನಗೆ ಜ್ವರ ಬಂದಿದ್ದೂ ನಿಜ, ಅದನ್ನು ಒಪ್ಪುತ್ತೇನೆ. ಆದರೆ ಬರೆ ಬಿದ್ದದ್ದು ನನಗೊಬ್ಬನಿಗೇ. ನನ್ನನ್ನು ಗೋಣಿಚೀಲದಲ್ಲಿ ಹಾಕಿ, ಕೊರಳಿಗೆ ಚೀಟಿ ಕಟ್ಟಿ, ಎಂಟು ತಿಂಗಳು ಪಂಚಾಯಿತಿಯ ಕೋಣೆಯಲ್ಲಿ ಹಳೆಯ ಮತಪೆಟ್ಟಿಗೆಗಳ ಮಗ್ಗುಲಿಗೆ ಇಟ್ಟರು. ನಿಮ್ಮ ಲೋಕದಲ್ಲಿ ನಾಲಿಗೆಯಿಲ್ಲದವನು ಸಾಕ್ಷಿಯಾಗಲಾರ, ಅಪರಾಧಿ ಮಾತ್ರ ಆಗಬಲ್ಲ.

ಚೀಲ ಬಿಚ್ಚಿ ನನ್ನನ್ನು ವಾಪಸ್ ಕೊಟ್ಟಾಗ ಹುಸೇನಪ್ಪ ರಿಪೇರಿ ಮಾಡಿಸಲಿಲ್ಲ, ಗುಜರಿಗೂ ಹಾಕಲಿಲ್ಲ. ತನ್ನ ಮನೆಯ ಕಟ್ಟೆಯ ಮೂಲೆಯಲ್ಲಿ ಇಟ್ಟ. ಅವನು ಮೈಕು ಮುಟ್ಟುವುದನ್ನು ಬಿಟ್ಟಿದ್ದ. ಭೋಂಗಾ ಮಾರಿಹೋಗಿತ್ತು. ಕಾರು ಬೇವಿನ ಮರದ ಕೆಳಗೆ ನಿಂತು ಕೋಳಿಗಳ ಮನೆಯಾಗಿತ್ತು. ದ್ಯಾವಮ್ಮ ಆ ಕಾರಿನ ಹತ್ತಿರ ಹಾಯುತ್ತಿರಲಿಲ್ಲ. ಕುಂಕುಮದ ವಿಷಯವನ್ನು ಅವಳಿಗೆ ಗಂಡ ಹೇಳಿರಲಿಲ್ಲ. ಅವನಿಂದ ಕೇಳಿ ತಿಳಿದಿದ್ದ ರಜಾಕ್ ಬಾಯಿತಪ್ಪಿ ಹೇಳಿಬಿಟ್ಟಿದ್ದ.

ಹುಸೇನಪ್ಪ ದಿನವೂ ನನ್ನ ಎದುರು ಕೂತು ಬೀಡಿ ಸೇದುತ್ತಿದ್ದ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಎತ್ತಿ ಕಲ್ಲಿಗೆ ಅಪ್ಪಳಿಸಿದ್ದರೆ ನನಗೂ ಒಂದು ಕೊನೆ ಸಿಗುತ್ತಿತ್ತು, ಅವನಿಗೂ ಎದೆ ಹಗುರಾಗುತ್ತಿತ್ತು. ನನಗೆ ಅವನ ಮೇಲೆ ಪ್ರೀತಿಯಿದೆ, ಇವತ್ತಿಗೂ ಇದೆ. ಅದಕ್ಕೇ ಅವನ ಮುಖ ನೋಡಲು ಕಷ್ಟವಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಬೀರವ್ವ ಬಂದಳು. ಹೊಳೆ ಬಂದು ಹೋದ ಮೇಲೆ ತವರಿಗೆ ಹೋಗಿದ್ದವಳು ಒಂದೂವರೆ ವರ್ಷದ ನಂತರ ಈ ಓಣಿಗೆ ಬಂದದ್ದು ಅದೇ ಮೊದಲು. ದ್ಯಾವಮ್ಮ ನೀರು ಕೊಟ್ಟು ಒಳಗೆ ಹೋಗಿ ಅತ್ತಳು. ಬೀರವ್ವ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತಳು. ನನ್ನನ್ನು ಕೈಯಿಂದ ಸ್ವಲ್ಪ ಸರಿಸಿದಳು, ಅದೇನೆಂದು ಕೇಳಲೂ ಇಲ್ಲ. ಕಾಗದದ ಪ್ರಕಾರ ಅವಳ ಗಂಡನನ್ನು ಕೊಂದವನು ನಾನೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ಅವತ್ತಿನ ಸಂಗತಿ ತಾನಾಗಿಯೇ ಹೇಳಿದಳು. ದೊಡ್ಡದೊಡ್ಡವರ ಹೆಸರು ಕೇಳಿ ಯಾವುದೋ ಸಭೆ ಇರಬೇಕು, ಕುರಿಗಳಿಗೆ ಸೂಜಿ ಹಾಕಲು ಡಾಕ್ಟರು ಬರುವವರಿರಬೇಕು ಎಂದು ಮಾಳಪ್ಪ ಅಂದನಂತೆ. ಹುಸೇನಪ್ಪಣ್ಣ ಇಷ್ಟು ದೂರ ಬಂದು ಹೇಳಿದನಲ್ಲ, ನಾಳೆ ಹೋಗಿ ಕೇಳಿಕೊಂಡು ಬಾ, ಫೋನೂ ತರಬಹುದು ಅಂದನಂತೆ. ನೀರು ಏರುವುದನ್ನು ಕಂಡಾಗಲೂ, ಅಂಥಾ ಹೊಳಿ ಬರೂದಿದ್ರ ಅಣ್ಣ ಹೇಳತಿದ್ದಿಲ್ಲೇನು ಅಂದನಂತೆ. ಹುಸೇನಪ್ಪ ತಲೆ ತಗ್ಗಿಸಿ ಕೇಳಿದ. ಅವನ ಬೀಡಿ ಬೆರಳಲ್ಲೇ ಆರಿತ್ತು.

"ಯಣ್ಣಾ" ಅಂದಳು ಬೀರವ್ವ, "ಅವತ್ತು ನಿನ್ನ ಮಾತು ಅರ್ಧಕ್ಕ ನಿಂತಿತ್ತು. ಹೆಸರಾದ ಮ್ಯಾಲ ಏನು ಹೇಳಾಂವಿದ್ದಿ, ಅದನ್ನ ಹೇಳು. ನಾ ಕೇಳಬೇಕು."

ಹುಸೇನಪ್ಪ ಬೇಡವೆಂದು ತಲೆಯಾಡಿಸಿದ. ಅವಳು ಕಾಯುತ್ತ ಕೂತಳು. ಅವನು ಎದ್ದು ನಿಂತ. ಅವನ ಬಲಗೈ, ಅಲ್ಲಿ ಇಲ್ಲದ ಮೈಕನ್ನು ಹಿಡಿದ ಹಾಗೆ, ತಾನಾಗಿ ಬಾಯಿಯ ಹತ್ತಿರ ಬಂತು. ತುಟಿಯವರೆಗೆ ಬಂದ 'ಮಾನ್ಯ' ಅನ್ನುವ ಮಾತನ್ನು ಅವನು ನುಂಗಿದ್ದು ನನಗೆ ಕಂಡಿತು. ಆಮೇಲೆ ಓಣಿಯವರೆಲ್ಲ ಒಂದು ಕಾಲದಲ್ಲಿ ಕೆಲಸ ನಿಲ್ಲಿಸಿ ಕೇಳುತ್ತಿದ್ದ ಧ್ವನಿಯಲ್ಲಿ, ಹೊಳೆಯ ಕಡೆ ಮುಖಮಾಡಿ ಹೇಳಿದ.

"ಮಾಳಪ್ಪಾ, ಹೊಳಿ ಬರಾಕತ್ತೈತಿ. ಕುರಿ ಬಿಡು. ಬೀರವ್ವನ್ನ ಕರಕೊಂಡು ದಂಡಿಗೆ ಬಾ."

ಬೀರವ್ವ ಇನ್ನೂ ಏನಾದರೂ ಇದೆಯೇನೋ ಎಂದು ಸ್ವಲ್ಪ ಹೊತ್ತು ಕಾದಳು.

"ಇಷ್ಟಽ ಏನು?"

"ಇಷ್ಟಽ ತಂಗಿ."

ಅವಳು ಸೆರಗು ಸರಿಮಾಡಿಕೊಂಡು ಎದ್ದು, ಯಾರ ಮುಖವನ್ನೂ ನೋಡದೆ ಓಣಿಗೆ ಇಳಿದು ಹೋದಳು. ನಾನು ಈ ಕಟ್ಟೆಯ ಮೂಲೆಯಲ್ಲೇ ಇದ್ದೇನೆ. ತುಕ್ಕು ಹಿಡಿದು ತಿರುಗುವುದೂ ನಿಂತಿದೆ. ಇನ್ನು ನನಗೆ ಏನನ್ನೂ ಲೆಕ್ಕ ಹಾಕುವ ಕೆಲಸವಿಲ್ಲ, ಆದರೂ ಒಂದು ಮಾತು ನನಗೆ ಖಚಿತವಾಗಿ ಗೊತ್ತು. ಅಷ್ಟು ಹೇಳಲು ಬೇಕಾದ ಕರೆಂಟು ಅವತ್ತು ಬ್ಯಾಟರಿಯಲ್ಲಿ ಇತ್ತು.